ಬೆರಳು ಒಪ್ಪಿದ ಗುಂಡಿ

ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಪುಷ್ ಬಟನ್ ಕೊಳ್ಳುವಾಗ ನಾನು ಬೆಲೆ ಕೇಳುವುದು ಕೊನೆಗೆ. ಮೊದಲು ಕಣ್ಣುಮುಚ್ಚಿ ಹತ್ತು ಸಲ ಒತ್ತುತ್ತೇನೆ. ಸ್ಪ್ರಿಂಗು ಎಲ್ಲೂ ತಡವರಿಸದೆ ಬೆರಳನ್ನು ವಾಪಸ್ ತಳ್ಳಬೇಕು. ಆ ಮೇಲಷ್ಟೇ ಧೂಳು, ನೀರು ತಡೆಯುವ ಐಪಿ65 ಇದೆಯೇ, 22.5 ಮಿ.ಮೀ. ತೂತಿಗೆ ಕೂರುತ್ತದೆಯೇ ಎಂಬ ಮಾತು.

ಈ ಹುಚ್ಚು ಹತ್ತಿದ್ದು ತೋಟದ ಪಂಪ್‌ಹೌಸಿನಲ್ಲಿ. ಹಸಿರು ಗುಂಡಿಯಿಂದ ಬೆರಳು ತೆಗೆದರೂ ಮೋಟರ್ ಓಡುತ್ತಲೇ ಇರುತ್ತಿತ್ತು. ಒಳಗಿನ ಕಾಂಟ್ಯಾಕ್ಟರ್ ತನ್ನದೇ ಒಂದು ಕಾಂಟ್ಯಾಕ್ಟಿನಿಂದ ತನ್ನನ್ನು ಹಿಡಿದುಕೊಂಡಿರುತ್ತದೆ ಎಂದು ತಿಳಿಯಲು ವರ್ಷಗಳು ಬೇಕಾದವು. ಕರೆಂಟು ಹೋದರೆ ಆ ಹಿಡಿತ ಬಿಡುತ್ತದೆ. ಮತ್ತೆ ಬಂದರೂ ಯಾರಾದರೂ ಒತ್ತುವವರೆಗೆ ಮೋಟರ್ ಅಲುಗದು. ರಾತ್ರಿ ಪಾಳಿಯ ಕರೆಂಟಿಗೆ ಕಾಯುವ ರೈತರಿಗೆ ಇದೇ ತೊಂದರೆ, ಅದಕ್ಕೇ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಆದರೆ ಪ್ರೆಸ್ ಮೆಷಿನ್ನಿನೊಳಗೆ ಕೈಯಿಟ್ಟು ಕೆಲಸ ಮಾಡುವವನಿಗೆ, ತಾನಾಗಿ ಶುರುವಾಗದ ಆ ಗುಣವೇ ರಕ್ಷೆ.

ಸ್ಟಾರ್ಟ್‌ಗೆ ಅಂಚಿನ ಮಟ್ಟದಲ್ಲೇ ಇರುವ ತಲೆ ಇರಲಿ, ಮೊಣಕೈ ತಾಗಿ ಒತ್ತಿಹೋಗಬಾರದು. ಸ್ಟಾಪ್ ಮಾತ್ರ ಉಬ್ಬಿರಬೇಕು. ಅದರ ಹಿಂದೆ ಎನ್‌ಸಿ ಬ್ಲಾಕು, ಅಂದರೆ ಒತ್ತಿದಾಗ ಮಾತ್ರ ತೆರೆದುಕೊಳ್ಳುವ ಕಾಂಟ್ಯಾಕ್ಟು. ಟರ್ಮಿನಲ್ ಮೇಲೆ 1 ಮತ್ತು 2ರಲ್ಲಿ ಮುಗಿಯುವ ಅಂಕಿಗಳು. ಮೋಟರ್ ಓಡುವಷ್ಟು ಹೊತ್ತೂ ಕಾಂಟ್ಯಾಕ್ಟರಿನ ಕರೆಂಟು ಅದರ ಮೂಲಕ ಹಾಯುತ್ತಿರುತ್ತದೆ. ಇಲಿ ತಂತಿ ಕಡಿದರೂ ಮೋಟರ್ ನಿಲ್ಲುತ್ತದೆ. ಇಷ್ಟು ಸರಳವಾದ, ಇಷ್ಟು ಕರುಣೆಯ ಉಪಾಯ ನಮ್ಮ ಕಸುಬಿನಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಆದರೂ ಒಂದು ದಿನ ಅದೂ ಕೈಕೊಟ್ಟಿತು. ಹಳದಿ ತಟ್ಟೆಯ ಮೇಲಿನ ಕೆಂಪು ಅಣಬೆತಲೆಯ ಎಮರ್ಜೆನ್ಸಿ ಸ್ಟಾಪನ್ನು ಅಂಗೈಯಿಂದ ಗುದ್ದಿದೆ. ಕಟ್ ಎಂದು ಒಳಹೋಗಿ ಅಲ್ಲೇ ಕೂತಿತು. ಯಂತ್ರ ಓಡುತ್ತಲೇ ಇತ್ತು! ಮೇನ್ ಸ್ವಿಚ್ ಎಳೆದು ಪ್ಯಾನೆಲ್ ಬಾಗಿಲು ತೆಗೆದರೆ, ಅದುರಿ ಅದುರಿ ಬ್ಲಾಕು ತಲೆಯಿಂದ ಕಳಚಿ ತಂತಿಯಲ್ಲಿ ನೇತಾಡುತ್ತಿತ್ತು. ತೆರೆಯಲು ತಳ್ಳುವವರಿಲ್ಲದೆ ಎನ್‌ಸಿ ಮುಚ್ಚಿಕೊಂಡೇ ಉಳಿದಿತ್ತು. ಕಳಚಿದರೆ ತಾನೇ ಸರ್ಕ್ಯೂಟ್ ಕಡಿಯುವ ಬ್ಲಾಕುಗಳೂ ಸಿಗುತ್ತವೆ, ತುಸು ದುಬಾರಿ. ಎಮರ್ಜೆನ್ಸಿಗೆ ಈಗ ನಾನು ಬೇರೆಯದನ್ನು ಮುಟ್ಟುವುದಿಲ್ಲ.

ಹೊಸದನ್ನು ಕೈಗೆ ತೆಗೆದುಕೊಂಡಾಗ ಬ್ಲಾಕನ್ನು ಹಿಂದಿನಿಂದ ಜಗ್ಗಿ, ಅಲುಗಿಸಿ ನೋಡುತ್ತೇನೆ. "ಮುರೀಬೇಡಿ ಸಾರ್" ಎನ್ನುತ್ತಾರೆ ಅಂಗಡಿಯವರು. ಇನ್ನೊಮ್ಮೆ ಜಗ್ಗುತ್ತೇನೆ.