ಮಾಸಾಯಿ ಮಾರಾದಲ್ಲಿ ಒಂದು ಅಪಧ್ಯಾನ

ಕೃತ, ಕಾರಿತ, ಅನುಮೋದಿತ ಎಂಬ ಮೂರು ಪದಗಳನ್ನು ಬಹುಕಾಲದಿಂದ ತರಗತಿಗಳಲ್ಲಿ ವಿವರಿಸುತ್ತ ಬಂದಿದ್ದೇನೆ. ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಅನ್ಯರು ಮಾಡಿದ್ದನ್ನು ಕಂಡು ಮನಸ್ಸಿನಲ್ಲಿ ಮೆಚ್ಚುವುದು. ಈ ಮೂರರಿಂದಲೂ ಕರ್ಮಾಸ್ರವ ಉಂಟೆಂದು ಜೈನ ಆಚಾರಶಾಸ್ತ್ರ ಹೇಳುತ್ತದೆ. ಮೊದಲ ಎರಡಕ್ಕೆ ಉದಾಹರಣೆಗಳು ಸುಲಭವಾಗಿ ಸಿಗುತ್ತಿದ್ದವು. ಮೂರನೆಯದಕ್ಕೆ ಬಂದಾಗ ನಾನು ಸದಾ ತಡವರಿಸುತ್ತಿದ್ದೆ. ಕೀನ್ಯಾದ ಮಾಸಾಯಿ ಮಾರಾ ಹುಲ್ಲುಗಾವಲಿನಲ್ಲಿ, ಒಂದು ಆಗಸ್ಟ್ ತಿಂಗಳ ಮುಂಜಾನೆ, ಆ ಉದಾಹರಣೆ ದೊರೆಯಿತು. ಅದು ನಾನೇ ಆಗಿದ್ದೆ.

ನೈರೋಬಿಯಲ್ಲಿರುವ ಮಗಳ ಮನೆಗೆ ಹೋದವನು ಅವಳ ಒತ್ತಾಯಕ್ಕೆ ಸಫಾರಿಗೆ ಹೊರಟಿದ್ದೆ. ‘ಸಫಾರಿ’ ಎಂಬುದು ಪ್ರಯಾಣವೆಂಬ ಅರ್ಥದ ಸ್ವಾಹಿಲಿ ಪದ. ಅದರ ಮೂಲ ಅರಬ್ಬಿಯ ‘ಸಫರ್’. ಸುಮಾರು 1,500 ಚದರ ಕಿಲೋಮೀಟರ್ ವಿಸ್ತಾರದ ಮಾರಾ ಅಭಯಾರಣ್ಯಕ್ಕೂ ದಕ್ಷಿಣದಲ್ಲಿ ಟಾಂಜಾನಿಯಾದ ಸೆರೆಂಗೆಟಿಗೂ ನಡುವೆ ಬೇಲಿಯಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕ ವೈಲ್ಡ್‌ಬೀಸ್ಟ್‌ಗಳು ಮಳೆಯನ್ನೂ ಎಳೆಯ ಹುಲ್ಲನ್ನೂ ಅರಸುತ್ತ ಪ್ರತಿವರ್ಷ ಈ ಬಯಲನ್ನು ಸುತ್ತುತ್ತವೆ. ದಿಗಂತದವರೆಗೆ ಕಪ್ಪು ಚುಕ್ಕೆಗಳಂತೆ ಹಬ್ಬಿದ ಆ ಹಿಂಡುಗಳನ್ನು ನೋಡಿದಾಗ, ತಿರ್ಯಂಚಗತಿಯ ಜೀವಗಳು ಅಸಂಖ್ಯಾತವೆಂಬ ಮಾತು ಮೊದಲ ಬಾರಿಗೆ ಕಣ್ಣಿಗೆ ಕಾಣುವ ಸಂಗತಿಯಾಯಿತು.

ಮೂರನೆಯ ದಿನ ಒಂದು ಗೆದ್ದಲುಹುತ್ತದ ಮೇಲೆ ಹೆಣ್ಣು ಚೀತಾ ಕುಳಿತಿತ್ತು. ಕಣ್ಣಿನಿಂದ ಬಾಯಂಚಿಗೆ ಇಳಿದ ಕಪ್ಪು ಗೆರೆ, ಅತ್ತು ಒಣಗಿದ ಕಣ್ಣೀರಿನ ಜಾಡಿನಂತೆ. ಹುತ್ತದ ಬುಡದಲ್ಲಿ ಮೂರು ಮರಿಗಳು. ‘ಚೀತಾ’ ನಮ್ಮ ನೆಲದಿಂದ ಹೋದ ಪದ. ಸಂಸ್ಕೃತದ ‘ಚಿತ್ರಕ’ದಿಂದ ಬಂದದ್ದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಪಳಗಿಸಿದ ಚೀತಾಗಳನ್ನು ಜಿಂಕೆಗಳ ಮೇಲೆ ಬಿಟ್ಟು ಆಡುವ ಬೇಟೆ ರಾಜವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ಆ ಪ್ರಾಣಿ ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೊಗೆ ತರುವವರೆಗೆ ನಮ್ಮಲ್ಲಿ ಉಳಿದದ್ದು ಹೆಸರು ಮಾತ್ರ. ‘ಮಾನಸೋಲ್ಲಾಸ’ದ ಆ ಭಾಗವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ, ಸಾವನ್ನು ವಿನೋದವೆಂದು ಕರೆದ ಆಸ್ಥಾನದ ಬಗ್ಗೆ ನಾನು ಸ್ವಲ್ಪ ಬಿಗುಮಾನದಿಂದಲೇ ಮಾತನಾಡುತ್ತಿದ್ದೆ.

ಇನ್ನೂರು ಮಾರು ದೂರದಲ್ಲಿ ಐದಾರು ಥಾಮ್ಸನ್ ಗಸೆಲ್‌ಗಳು ಮೇಯುತ್ತಿದ್ದವು. ಚೀತಾ ಹಗಲಿನ ಬೇಟೆಗಾರ. ಸಿಂಹ ಮತ್ತು ಕತ್ತೆಕಿರುಬಗಳೆದುರು ಸೆಣಸಲಾರದ ಕಾರಣ ಅವುಗಳ ಕಣ್ಣು ತಪ್ಪಿಸಿ ಬದುಕುತ್ತದೆ. ಮನುಷ್ಯರ ಕಣ್ಣನ್ನು ತಪ್ಪಿಸಲು ಮಾತ್ರ ಅದಕ್ಕೆ ಉಪಾಯವಿಲ್ಲ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದೆಂಬ ನಿಯಮವಿದೆ, ನಮ್ಮದು ಹನ್ನೊಂದನೆಯದು. ನಲವತ್ತು ನಿಮಿಷ ಕಾದೆವು. ಬಿಸಿಲೇರಿತು, ಬೆನ್ನು ನೋಯತೊಡಗಿತು. ಆಗ ನನ್ನೊಳಗೆ ಒಂದು ಮಾತು ಸ್ಪಷ್ಟವಾಗಿ ಮೂಡಿತು: ಇನ್ನಾದರೂ ಹಾರಬಾರದೇ!

ಚೀತಾ ಇಳಿಯಿತು. ತಲೆ ತಗ್ಗಿಸಿ ಹುಲ್ಲಿನಲ್ಲಿ ಹೆಜ್ಜೆಯಿಡತೊಡಗಿತು. ಅದು ಸರಿದ ಕಡೆಗೇ ವಾಹನಗಳೂ ಸರಿದವು. ಎಂಜಿನ್ನಿನ ಸದ್ದಿಗೋ ಗಾಲಿಗಳ ಧೂಳಿಗೋ ಗಸೆಲ್‌ಗಳು ತಲೆಯೆತ್ತಿದವು, ಮರುಕ್ಷಣ ಚದರಿದವು. ಚೀತಾ ಓಡಲೇ ಇಲ್ಲ. ನಿಂತು ನೋಡಿ, ಮರಿಗಳ ಬಳಿಗೆ ಹಿಂದಿರುಗಿತು. ವಾಹನಗಳಿಂದ ನಿರಾಶೆಯ ಉದ್ಗಾರಗಳು ಹಲವು ಭಾಷೆಗಳಲ್ಲಿ ಕೇಳಿಸಿದವು. ಕನ್ನಡದ “ಛೆ!” ನನ್ನದು.

ಆ ಒಂದಕ್ಷರವನ್ನು ನಾನು ಇಂದಿಗೂ ಮರೆತಿಲ್ಲ. ಅಹಿಂಸಾಣುವ್ರತವನ್ನು ಪಾಲಿಸುವವನೆಂದು ತಿಳಿದುಕೊಂಡ ನಾನು, ಒಂದು ಜೀವ ಉಳಿದದ್ದಕ್ಕೆ ವ್ಯಥೆಪಟ್ಟಿದ್ದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳ ಪೈಕಿ ಅಪಧ್ಯಾನವೂ ಒಂದು. ತನಗೆ ಪ್ರಯೋಜನವಿಲ್ಲದಿದ್ದರೂ ಪರರ ವಧಬಂಧನಗಳನ್ನು ಮನಸ್ಸಿನಲ್ಲಿ ಬಯಸುವುದು ಅದರ ಲಕ್ಷಣ. ಚೀತಾಗೆ ಬೇಟೆಯಿಂದ ಪ್ರಯೋಜನವಿತ್ತು. ಅದರ ಹಸಿವು ಮೂರು ಮರಿಗಳ ಹಸಿವೂ ಆಗಿತ್ತು. ನನಗಿದ್ದ ಪ್ರಯೋಜನವೇನು? ನಮ್ಮ ಪುರಾಣಗಳು ಬೇಟೆಯಾಡುವ ಮೃಗವನ್ನು ದ್ವೇಷಿಸಿಲ್ಲ. ಮಹಾವೀರನಾಗಲಿದ್ದ ಜೀವವೇ ಒಂದು ಭವದಲ್ಲಿ ಸಿಂಹವಾಗಿ, ಚಾರಣಮುನಿಗಳ ಉಪದೇಶದಿಂದ ವ್ರತ ಸ್ವೀಕರಿಸಿತು. ಆ ಬಯಲಿನಲ್ಲಿ ಅನರ್ಥವಾದದ್ದು ನಮ್ಮ ಹನ್ನೊಂದು ವಾಹನಗಳಲ್ಲಿ ಮಾತ್ರ ಇತ್ತು.

ಅಂದು ರಾತ್ರಿ ಗುಡಾರದಲ್ಲಿ ನೆನಪಾದದ್ದು ವಜ್ರಜಂಘನ ಕಥೆ. ಜಿನಸೇನರ ಮಹಾಪುರಾಣವನ್ನು ಓದಿದವರಿಗೆ ಇದು ಪರಿಚಿತ. ಅರಣ್ಯದಲ್ಲಿ ಬೀಡುಬಿಟ್ಟ ವಜ್ರಜಂಘ ಮತ್ತು ಶ್ರೀಮತಿ ಚಾರಣಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಹುಲಿ, ಹಂದಿ, ಕೋತಿ, ಮುಂಗುಸಿ, ಈ ನಾಲ್ಕು ಪ್ರಾಣಿಗಳು ಸನಿಹದಲ್ಲಿ ನಿಂತು ಅದನ್ನು ನೋಡುತ್ತವೆ. ಅವು ದಾನ ಕೊಟ್ಟವಲ್ಲ, ಕೊಡಿಸಿದವೂ ಅಲ್ಲ. ನೋಡಿ ಹರ್ಷಿಸಿದವು, ಅಷ್ಟೆ. ಆ ಅನುಮೋದನೆಯ ಬಲದಿಂದಲೇ ಅವು ಭೋಗಭೂಮಿಯಲ್ಲಿ ಹುಟ್ಟಿ, ಮುಂದೆ ವೃಷಭನಾಥನ ಪುತ್ರರಾಗುತ್ತವೆ. ಆ ಕಥೆಯಲ್ಲಿ ಮನುಷ್ಯರು ಕೊಡುವುದನ್ನು ಮೃಗಗಳು ನೋಡಿದವು. ಮಾರಾದಲ್ಲಿ ಮೃಗವು ಕೊಲ್ಲುವುದನ್ನು ಮನುಷ್ಯರು ನೋಡಲು ಕಾದಿದ್ದರು. ನೋಟಕ್ಕೆ ಫಲವಿದೆಯೆಂಬ ತತ್ತ್ವ ಎರಡೂ ಕಡೆ ಒಂದೇ. ಕಾವ್ಯದಲ್ಲಿ ಆ ಪ್ರಸಂಗವನ್ನು ನಾನು ಪ್ರಾಣಿಗಳ ಉದ್ಧಾರದ ಕಥೆಯೆಂದು ಓದಿದ್ದೆ. ಪ್ರೇಕ್ಷಕನ ಹೊಣೆಯ ಕಥೆಯೂ ಹೌದೆಂದು ಆಗ ತಿಳಿಯಿತು.

ಇದು ಕೇವಲ ಭಾವಹಿಂಸೆಯೆಂದು ಸಮಾಧಾನಪಡುವಂತೆಯೂ ಇರಲಿಲ್ಲ. ಊರಿಗೆ ಮರಳಿದ ಮೇಲೆ, ಮಾರಾದ ಚೀತಾಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿದೆ. ಪ್ರವಾಸಿಗರು ಕಡಿಮೆಯಿರುವ ಕಡೆ ತಾಯಿ ಚೀತಾ ಸರಾಸರಿ ಎರಡಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿ ಸ್ವತಂತ್ರಗೊಳಿಸಿದರೆ, ಪ್ರವಾಸಿಗರು ದಟ್ಟವಾಗಿರುವ ಕಡೆ ಆ ಸರಾಸರಿ ಸುಮಾರು 0.2. ಎಂದರೆ ಐದು ತಾಯಂದಿರಿಗೆ ಒಂದು ಮರಿ. ಆದರೆ ಇನ್ನೊಂದು ಸತ್ಯವೂ ಇದೆ. ಕೀನ್ಯಾ 1977ರಲ್ಲಿ ಮೃಗಯೆಯನ್ನು ನಿಷೇಧಿಸಿತು. ಕೋವಿಯ ಸಫಾರಿ ಕ್ಯಾಮೆರಾದ ಸಫಾರಿಯಾಯಿತು. ನೋಡಬಂದವರು ತೆರುವ ಹಣದಿಂದಲೂ ಆ ಹುಲ್ಲುಗಾವಲು ಉಳಿದಿದೆ. ಆದ್ದರಿಂದ ಹೋಗಬಾರದೆಂದು ನಾನು ಹೇಳಲಾರೆ. ಹೋದವನು ಹೇಗೆ ನೋಡಬೇಕೆಂಬುದೇ ಪ್ರಶ್ನೆ.

ಮರುದಿನ ಬೆಳಿಗ್ಗೆ ಅದೇ ಹುತ್ತದ ಕಡೆ ವಾಹನಗಳು ಸಾಲುಗಟ್ಟಿದ್ದವು. ದೂರದಲ್ಲೇ ನಿಲ್ಲಿಸಿರೆಂದು ಚಾಲಕನಿಗೆ ಹೇಳಿದೆ. “ಇಲ್ಲಿಂದ ಏನೂ ಕಾಣದಲ್ಲಾ” ಎಂದು ಆತ ಅಚ್ಚರಿಪಟ್ಟ. ಮಗಳು ನನ್ನ ಮುಖ ನೋಡಿ, “ಇರಲಿ, ಅಪ್ಪಾಜಿ ಹೇಳಿದಂತೆ ಆಗಲಿ” ಎಂದಳು. ನಿಜಕ್ಕೂ ಏನೂ ಕಾಣಲಿಲ್ಲ. ಹುಲ್ಲು, ಗಾಳಿ, ವಾಹನಗಳ ಬೆನ್ನುಗಳು ಮಾತ್ರ. ಬೇಟೆ ನಡೆಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಗಸೆಲ್ ಉಳಿಯಲೆಂದೂ ಮರಿಗಳಿಗೆ ಆಹಾರ ಸಿಗಲೆಂದೂ ಮನಸ್ಸು ಒಟ್ಟಿಗೇ ಬಯಸುತ್ತಿತ್ತು. ಯಾವ ಪಕ್ಷವನ್ನೂ ವಹಿಸಲಾಗದೆ ಸುಮ್ಮನೆ ಕುಳಿತಿದ್ದೆ. ಮೈತ್ರಿ, ಪ್ರಮೋದ, ಕಾರುಣ್ಯಗಳ ಅನಂತರ ತತ್ತ್ವಾರ್ಥಸೂತ್ರ ಮಾಧ್ಯಸ್ಥ್ಯವನ್ನು ಹೇಳುತ್ತದೆ. ಅದು ನನಗೆ ಸಿದ್ಧಿಸಿತೆಂದು ಹೇಳುವ ಧೈರ್ಯವಿಲ್ಲ. ಅಂದು ಬಾಯಿಂದ “ಛೆ” ಹೊರಡಲಿಲ್ಲ ಎಂಬಷ್ಟನ್ನು ಹೇಳಬಲ್ಲೆ.