ಘಾಟಿ ಮುಚ್ಚಿದ್ದ ಮಳೆಗಾಲದ ಒಂದು ಊಟ

2019ರ ಆಗಸ್ಟ್ ತಿಂಗಳ ಮಳೆಯ ಮಾತು ಬಂದರೆ ಮೂಡಿಗೆರೆ ಕಡೆಯವರು ಮೊದಲು ಹೇಳುವುದು ಕುಸಿದ ಗುಡ್ಡಗಳ, ಕೊಚ್ಚಿಹೋದ ತೋಟಗಳ ಸುದ್ದಿ. ಚಾರ್ಮಾಡಿ ಘಾಟಿ ಮುಚ್ಚಿತ್ತು. ಮನೆ ಕಳೆದುಕೊಂಡವರ ನೋವು ಇವತ್ತಿಗೂ ಆರಿಲ್ಲ. ಆ ಮಳೆಯ ನಡುವೆಯೇ ನಮ್ಮ ದೊಡ್ಡಮ್ಮನ ಒಲೆಯ ಮುಂದೆ ಊರೆಲ್ಲ ಸೇರಿ ಉಂಡ ಒಂದು ಊಟವೂ ಇದೆ. ಅದನ್ನು ಯಾರಾದರೂ ಹೇಳಿಡಬೇಕು ಅನಿಸುತ್ತಲೇ ಇತ್ತು.

ಕೊಟ್ಟಿಗೆಹಾರದಿಂದ ಒಳಕ್ಕೆ, ಕಾಫಿ ತೋಟಗಳ ನಡುವೆ ಇರುವ ಊರು ನಮ್ಮದು. ಕರೆಂಟು ಹೋಗಿತ್ತು, ರಸ್ತೆಗೆ ಮರ ಅಡ್ಡಬಿದ್ದು ಸಿಲಿಂಡರ್ ಗಾಡಿಯೂ ನಿಂತಿತ್ತು. ಹೆಚ್ಚಿನ ಮನೆಗಳಲ್ಲಿ ಸೌದೆ ಒಲೆ ಕಿತ್ತು ಗ್ರಾನೈಟ್ ಕಟ್ಟೆ ಹಾಕಿಸಿ ಎಷ್ಟೋ ವರ್ಷವಾಗಿತ್ತು. ದೊಡ್ಡಮ್ಮ ಮಾತ್ರ ತನ್ನ ಒಲೆ ಮುಟ್ಟಲು ಯಾರಿಗೂ ಬಿಟ್ಟಿರಲಿಲ್ಲ. "ಮಳೆಗಾಲದಲ್ಲಿ ನಿಮ್ಮ ಗ್ಯಾಸು ಬಟ್ಟೆ ಒಣಗಿಸ್ತದಾ, ಅಡಿಕೆ ಒಣಗಿಸ್ತದಾ?" ಅನ್ನುವುದು ಅವಳ ಪ್ರಶ್ನೆ. ಆ ಸಂಜೆ ಒಬ್ಬೊಬ್ಬರಾಗಿ ಕೊಪ್ಪೆ ಹಾಕಿಕೊಂಡು ಅವಳ ಅಡುಗೆಮನೆಗೆ ಬಂದರು. ಬರಿಗೈಲಿ ಬಂದವರಿಲ್ಲ.

ಎದುರುಮನೆ ಅಜ್ಜಿ ಕೆಮ್ಮಣ್ಣು ಹಚ್ಚಿ ಬುಟ್ಟಿಯಲ್ಲಿಟ್ಟಿದ್ದ ಹಲಸಿನ ಬೀಜ ತಂದರು. ಮಣ್ಣು ಹಚ್ಚಿಟ್ಟರೆ ಬೀಜ ಹುಳ ಹಿಡಿಯದೆ, ಒಣಗಿ ಗೊರಟಾಗದೆ ಆಷಾಢ ಶ್ರಾವಣ ದಾಟುತ್ತದೆ. ತೋಟದ ಲೆಕ್ಕ ಬರೆಯುವ ರೈಟರ ಮಕ್ಕಳು ಗದ್ದೆ ಬದುವಿನಲ್ಲಿ ಹಿಡಿದ ಏಡಿಗಳನ್ನು ಕೊಡದಲ್ಲಿ ತುಂಬಿಕೊಂಡು ಬಂದಿದ್ದರು. ಮಡಿಕೇರಿ ಕಡೆಯಿಂದ ಮದುವೆಯಾಗಿ ಬಂದ ನಮ್ಮ ಅತ್ತಿಗೆಯ ಕೈಲಿ ಕಾಚಂಪುಳಿಯ ಸಣ್ಣ ಬಾಟ್ಲಿ. ಕೂಲಿ ಲೈನಿನಲ್ಲಿದ್ದ ಅಸ್ಸಾಮಿನ ಗಂಡ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ದೊಡ್ಡಮ್ಮ ಗದರಿ ಒಳಗೆ ಕರೆದ ಮೇಲೆ, ಸೆರಗಿನಡಿ ಹಿಡಿದಿದ್ದ ಬದನೆಕಾಯಿಗಳನ್ನು ಆ ಹುಡುಗಿ ನೆಲಕ್ಕಿಟ್ಟಳು.

ದೊಡ್ಡಮ್ಮನ ಪಾಲಿನದು ಅಟ್ಟದಿಂದ ಇಳಿಯಿತು. ಒಲೆಯ ನೇರಕ್ಕೆ, ಮಸಿ ಹಿಡಿದ ಬಿದಿರ ಗಳಕ್ಕೆ ತೂಗುಬಿಟ್ಟಿದ್ದ ಹಂದಿಮಾಂಸದ ಸರ. ಮಳೆಗೆ ಮೊದಲೇ ಮಾಂಸವನ್ನು ಬೆರಳುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ, ದಾರಕ್ಕೆ ಪೋಣಿಸಿ ಅಲ್ಲಿ ಕಟ್ಟಿರುತ್ತಾಳೆ. ಉಪ್ಪು ಒಳಗಿನ ನೀರು ಎಳೆಯುತ್ತದೆ, ಒಲೆಯ ಕಾವು ಅದನ್ನು ಆರಿಸುತ್ತದೆ, ಹೊಗೆಯಲ್ಲಿರುವ ಫೀನಾಲ್‌ಗಳು ಮೇಲ್ಮೈಗೆ ಕೂತು ಬೂಸಲು ಬರದಂತೆ, ಕೊಬ್ಬು ಕಮಟದಂತೆ ತಡೆಯುತ್ತವೆ. ವಾರಗಟ್ಟಲೆ ಬಿಸಿಲು ಮುಖ ತೋರಿಸದ ನಾಡಿನಲ್ಲಿ ಇನ್ನು ಯಾವ ದಾರಿಯಿತ್ತು? ಉಪ್ಪಾಗೆ ಹಣ್ಣಿನ ಸಿಪ್ಪೆಯನ್ನೂ ನಮ್ಮ ಘಟ್ಟದಲ್ಲಿ ಹೀಗೆ ಹೊಗೆಯಲ್ಲೇ ಒಣಗಿಸುವುದು, ಅದು ಹಣ್ಣಾಗುವುದೇ ಮಳೆಗಾಲದಲ್ಲಿ. ಅತ್ತಿಗೆಯ ಬಾಟ್ಲಿಯಲ್ಲಿದ್ದ ಕಪ್ಪು ರಸವೂ ಅದೇ ಹಣ್ಣಿನದು: ಕಳಿತ ಹಣ್ಣನ್ನು ಬುಟ್ಟಿಯಲ್ಲಿ ಒಟ್ಟಿ, ತೊಟ್ಟಿಕ್ಕುವ ರಸ ಹಿಡಿದು, ಡಾಂಬರಿನ ಹಾಗೆ ಗಟ್ಟಿಯಾಗುವ ತನಕ ಕುದಿಸಿದ್ದು. ಹಿಂದೆ ಅಟ್ಟಕ್ಕೇರುತ್ತಿದ್ದುದು ಬೇಟೆಯ ಮಾಂಸ. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು, ಬೇಟೆಯ ಕಾಲ ಮುಗಿಯಿತು. ಈಗ ಅಟ್ಟಕ್ಕೇರುವುದು ಸಾಕಿದ ಹಂದಿ. ಕಟ್ಟುವ ಕ್ರಮ ಮಾತ್ರ ಹಳೆಯದೇ.

ಅಲ್ಲೇ ಜಗಳ ಶುರುವಾಯಿತು. ಒಣಮಾಂಸವನ್ನು ಬಿಸಿನೀರಲ್ಲಿ ನೆನೆಹಾಕಬೇಕೆಂದು ಅತ್ತಿಗೆ.

"ನೆನೆಹಾಕಿದ್ರೆ ಹೊಗೆಯೆಲ್ಲ ನೀರಿಗೆ ಹೋಗ್ತದೆ ಕಣೇ. ಕೆಂಡದ ಮೇಲೆ ಒಂದು ಸುತ್ತು ತಿರುಗಿಸು, ಕಲ್ಲಲ್ಲಿ ಜಜ್ಜು, ಸಾಕು."

"ಉಪ್ಪು ಕೈಕಚ್ಚುತ್ತೆ ದೊಡ್ಡಮ್ಮ, ಬಾಯಿಗಿಡಕ್ಕಾಗಲ್ಲ."

ಕೊನೆಗೆ ಸರವನ್ನು ಎರಡು ಪಾಲು ಮಾಡಿದರು. ಅತ್ತಿಗೆಯದು ನೆನೆದು, ಹುರಿದ ಕಾಳುಮೆಣಸು ಜೀರಿಗೆಯ ಪುಡಿಯಲ್ಲಿ ಬೆಂದು, ಇಳಿಸುವ ಹೊತ್ತಿಗೆ ಕಾಚಂಪುಳಿ ಕುಡಿದು ಕಪ್ಪಾಯಿತು. ದೊಡ್ಡಮ್ಮನದು ಕೆಂಡದ ಮೇಲೆ ಚಟಚಟ ಎಂದು ಕೊಬ್ಬು ಕರಗಿಸಿ, ಕಲ್ಲಿನಲ್ಲಿ ಜಜ್ಜಿಸಿಕೊಂಡು, ಈರುಳ್ಳಿ ಮತ್ತು ಸೂಜಿಮೆಣಸಿನ ಜೊತೆ ಬಾಣಲೆಗೆ ಬಿತ್ತು. ಹೇಳಿಬಿಡುತ್ತೇನೆ, ನನ್ನ ಓಟು ದೊಡ್ಡಮ್ಮನಿಗೆ. ಅಗಿದಷ್ಟೂ ರಸ ಬಿಡುವ ಆ ಹೊಗೆಯ ರುಚಿ ನೆನೆಸಿದ ಮಾಂಸಕ್ಕಿರಲಿಲ್ಲ. ಅತ್ತಿಗೆಯ ಸಾರು ಕಡುಬಿಗೆ ಹೆಚ್ಚು ಹೊಂದುತ್ತಿತ್ತೋ ಏನೋ, ಆ ದಿನ ಇದ್ದದ್ದು ರೊಟ್ಟಿ.

ಏಡಿಗಳನ್ನು ರೈಟರೇ ಕೆಂಡಕ್ಕೆ ಹಾಕಿದರು. ಚಿಪ್ಪು ಕೆಂಪಾಗುತ್ತಲೇ ತೆಗೆದು, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನಕಾಯಿ ಸೇರಿಸಿ ಒರಳಿನಲ್ಲಿ ರುಬ್ಬಿಸಿದರು. ಹಲಸಿನ ಬೀಜ ಬೂದಿಯಡಿ ಹೋಯಿತು. ರೊಟ್ಟಿಯ ಜವಾಬ್ದಾರಿ ಅಜ್ಜಿಯದು: ಉಕ್ಕರಿಸಿದ ಅಕ್ಕಿಹಿಟ್ಟು ತಟ್ಟಿ, ಕಾವಲಿಯಲ್ಲಿ ಎರಡೂ ಮಗ್ಗುಲು ಬಾಡಿಸಿ, ಕೆಂಡಕ್ಕೆ ಒರಗಿಸಿದರೆ ಅದು ಉಸಿರು ತುಂಬಿಕೊಂಡು ಉಬ್ಬಿ ನಿಲ್ಲುತ್ತಿತ್ತು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಬದನೆಕಾಯಿ. ಆ ಹುಡುಗಿ ಕೆಂಡ ಕೆದರಿ, ಕಾಯಿಗೆ ಚಾಕುವಿನಿಂದ ಚುಚ್ಚಿ, ಮಲಗಿಸಿ, ಸಿಪ್ಪೆ ಬಿರಿದು ಹಬೆ ಸಿಳ್ಳೆ ಹಾಕುವ ತನಕ ಕೈಯಲ್ಲೇ ತಿರುಗಿಸಿದಳು. ದೊಡ್ಡಮ್ಮ ಊದುಗೊಳವೆ ಕೆಳಗಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಕರಿಸಿಪ್ಪೆ ಸುಲಿದ ಮೇಲೆ ಅರ್ಧ ತಿರುಳು ನಮ್ಮ ಗೊಜ್ಜಿಗೆ ಹೋಯಿತು: ಹುಣಸೆರಸ, ಚೂರು ಬೆಲ್ಲ, ಸಾಸಿವೆ ಒಗ್ಗರಣೆ. ಇನ್ನರ್ಧಕ್ಕೆ ಅವಳು ಹಸಿಮೆಣಸು, ಈರುಳ್ಳಿ, ಉಪ್ಪು ಹಾಕಿ ಕಿವುಚಿದಳು. ಗಂಡ ಜೇಬಿನಿಂದ ಪುಟ್ಟ ಬಾಟ್ಲಿ ತೆಗೆದ. ಹಸಿ ಸಾಸಿವೆ ಎಣ್ಣೆ. ಅವರೂರಲ್ಲಿ ಇದಕ್ಕೆ ಪಿಟಿಕಾ ಅನ್ನುತ್ತಾರಂತೆ. ಎಣ್ಣೆಯ ಘಾಟು ಮೂಗಿಗೇರಿ ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡಳು.

ಅವನು ಅಟ್ಟದ ಕಡೆ ಕೈ ತೋರಿಸಿ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳಿದ: ನಮ್ಮ ಮನೆಯಲ್ಲೂ ಒಲೆ ಮೇಲೆ ಹೀಗೇ ಇದೆ, ಅಮ್ಮ ಮೀನು ಒಣಗಿಸ್ತಾಳೆ, ಅಲ್ಲೂ ಮಳೆ. ಎಷ್ಟು ಹೊತ್ತು, ಯಾವ ಸೌದೆ, ಉಪ್ಪು ಹಚ್ಚುತ್ತಾರೋ ಇಲ್ಲವೋ ಎಂದು ದೊಡ್ಡಮ್ಮ ಕೇಳುತ್ತ ಹೋದಳು. ಅವನಿಗೆ ಗೊತ್ತಿಲ್ಲದ್ದನ್ನು ಹೆಂಡತಿ ಹೇಳಿದಳು, ರೈಟರು ಕನ್ನಡಕ್ಕೆ ತಂದರು. ಅಷ್ಟು ವರ್ಷ ನಮ್ಮ ತೋಟಗಳಲ್ಲಿ ಅಸ್ಸಾಮಿನವರು ದುಡಿಯುತ್ತಿದ್ದರೂ, ಅವರ ಮನೆಯಲ್ಲಿ ಏನು ಬೇಯಿಸುತ್ತಾರೆಂದು ನಮ್ಮೂರಿನವರು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ರಸ್ತೆ ತೆರೆದ ಮೇಲೆ ಗ್ಯಾಸು ಬಂತು, ಎಲ್ಲರೂ ಅವರವರ ಅಡುಗೆಮನೆಗೆ ಮರಳಿದರು. ಆ ಗಂಡ ಹೆಂಡತಿ ಕಾಫಿ ಕೊಯ್ಲು ಮುಗಿಸಿ ಊರಿಗೆ ಹೋದರು. ದೊಡ್ಡಮ್ಮ ಮೂಡಿಗೆರೆ ಸಂತೆಗೆ ಹೋದಾಗ ಸಾಸಿವೆ ಎಣ್ಣೆ ತರುತ್ತಾಳೆ, ಸುಟ್ಟ ಬದನೆಯನ್ನು ಈಗಲೂ ಎರಡು ಪಾಲು ಮಾಡುತ್ತಾಳೆ. ಒಣಮಾಂಸ ನೆನೆಹಾಕುವ ವಿಷಯದಲ್ಲಿ ಅವಳಿಗೂ ಅತ್ತಿಗೆಗೂ ಇನ್ನೂ ರಾಜಿಯಾಗಿಲ್ಲ.