ನಾಮಾನನ ಸೇವಕರು

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಾರಿರಿ. ಆದರೆ ಅಲ್ಲಿ ಹುಟ್ಟಿದ ಬೆಳಕು ನಿಮ್ಮ ಮನೆಯನ್ನೂ ಮುಟ್ಟಿರಬಹುದು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಹಾಗೂ ಈ ಊರು ಸೇರಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಉದ್ಯಾನವು 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಮರುವರ್ಷದ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು. ಮಳೆ ಕೈಕೊಟ್ಟ ಕಡಲೆಕಾಯಿ ಹೊಲಗಳನ್ನು ರೈತರು ಮಾರಲಿಲ್ಲ. ಎಕರೆಗೆ ವರ್ಷಕ್ಕೆ ಆರಂಭದಲ್ಲಿ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಹೊಲವಿದ್ದವರಿಗೆ ಬಾಡಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಲ್ಲಿ ಕೆಲವರಿಗೆ ಸಿಕ್ಕಿದ್ದು ಫಲಕಗಳ ಕೆಳಗಿನ ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ.

ಅಲ್ಲಿ ಒಬ್ಬ ಉಪಗುತ್ತಿಗೆದಾರರ ಕೈಕೆಳಗೆ ನಾನು ಕೆಲಕಾಲ ಎಲೆಕ್ಟ್ರಿಷಿಯನ್ ಆಗಿದ್ದೆ. ಅವರ ಹೆಸರು ಇಲ್ಲಿ ಬೇಡ. ಕೆಟ್ಟವರಲ್ಲ; ಕೂಲಿಯನ್ನು ಒಂದು ದಿನವೂ ತಡೆದವರಲ್ಲ. ಸುರಕ್ಷತೆಯ ಮಾತೆತ್ತಿದರೆ ಮಾತ್ರ, “ಇಷ್ಟು ದಿನ ಏನಾಯಿತು, ಹೇಳಿ” ಎಂದು ನಗುತ್ತಿದ್ದರು.

ಮನೆಯ ಮೇನ್ ಸ್ವಿಚ್ ಆರಿಸಿದರೆ ಒಳಗಿನ ತಂತಿಯಲ್ಲಿ ವಿದ್ಯುತ್ತು ನಿಲ್ಲುತ್ತದೆ. ಸೌರ ಫಲಕದ ಸ್ವಭಾವ ಹಾಗಲ್ಲ. ಇನ್ವರ್ಟರ್ ನಿಲ್ಲಿಸಿದರೂ ಬಿಸಿಲಿರುವ ತನಕ ಫಲಕದ ತಂತಿಯಲ್ಲಿ ಒತ್ತಡ ಇದ್ದೇ ಇರುತ್ತದೆ. ಒಂದು ಫಲಕದ್ದು ನಲವತ್ತು ವೋಲ್ಟ್‌ ಆಸುಪಾಸು. ಇಪ್ಪತ್ತೈದು, ಮೂವತ್ತನ್ನು ಸಾಲಾಗಿ ಜೋಡಿಸಿದರೆ ಸಾವಿರ ದಾಟುತ್ತದೆ. ನಮ್ಮ ಮನೆಗಳಿಗೆ ಬರುವುದು 230. ಅಲ್ಲದೆ ಮನೆಯ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಫಲಕದ ಡಿಸಿ ವಿದ್ಯುತ್ತು ಹಾಗೆ ಇಳಿಯುವುದಿಲ್ಲ. ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ.

ಒಮ್ಮೆ ಮಳೆ ಬಿದ್ದು ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕೊಯ್ಯುತ್ತಿದ್ದ ಒಬ್ಬ ತಾಯಿಯ ಕುಡುಗೋಲು, ಹುಲ್ಲಿನೊಳಗೆ ಜೋತುಬಿದ್ದಿದ್ದ ಕೇಬಲ್ಲಿನ ಹೊದಿಕೆಯನ್ನು ಸೀಳಿತು. ತಾಮ್ರ ಕಾಣಿಸಿತು. ಕೈಗೆ ತಾಕಲಿಲ್ಲ, ಅಷ್ಟೇ. ನಾನು ಓಡಿಹೋದಾಗ ಆಕೆ ಕೇಳಿದ ಮೊದಲ ಮಾತು: “ಅಣ್ಣಾ, ಇದಕ್ಕೆ ಕೂಲಿ ಮುರೀತಾರಾ?”

ಆ ಸಾಲಿನ ಕೇಬಲ್ಲುಗಳನ್ನು ಪರಿಶೀಲಿಸಿದ್ದೇನೆಂದು ಅದೇ ಬೆಳಿಗ್ಗೆ ನಾನು ಪುಸ್ತಕದಲ್ಲಿ ಸಹಿ ಹಾಕಿದ್ದೆ. ಪರಿಶೀಲಿಸಿರಲಿಲ್ಲ.

ಆ ರಾತ್ರಿಯೇ ಧಣಿಗೆ ಕಾಗದ ಬರೆದೆ. 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಮು, ಅಪಘಾತವಾದರೆ ವರದಿ, ವಿದ್ಯುತ್ ಪರಿವೀಕ್ಷಕರ ವಿಚಾರಣೆ, ಎಲ್ಲವನ್ನೂ ಬೆದರಿಕೆಯ ಧಾಟಿಯಲ್ಲಿ ತುಂಬಿದೆ. ನನ್ನ ಸಹಿಯ ವಿಷಯ ಮಾತ್ರ ಬರೆಯಲಿಲ್ಲ. ಅವರು ಓದಿ ಮಡಚಿಟ್ಟು, “ಬೇರೆ ಕೆಲಸ ನೋಡಿಕೊಳ್ಳುತ್ತೀರಾ?” ಎಂದರು.

ಅದು ತಪಸ್ಸುಕಾಲ. ಮನೆಯ ಸಂಜೆ ಪ್ರಾರ್ಥನೆಯಲ್ಲಿ ಮಗಳು ಅರಸುಗಳ ಎರಡನೆಯ ಗ್ರಂಥದ 5ನೆಯ ಅಧ್ಯಾಯ ಓದಿದಳು. ಕುಷ್ಠರೋಗಿಯಾದ ಸೇನಾಧಿಪತಿ ನಾಮಾನನಿಗೆ ಪ್ರವಾದಿ ಎಲೀಷನು ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗೆಂದು ಹೇಳಿಕಳುಹಿಸುತ್ತಾನೆ. ನಾಮಾನನು ಸಿಟ್ಟಾಗಿ ಹೊರಟೇಬಿಡುತ್ತಾನೆ. ಆಗ ಸೇವಕರು ಅವನನ್ನು ತಂದೆಯೆಂದು ಕರೆದು, ದೊಡ್ಡದನ್ನು ಹೇಳಿದ್ದರೆ ಮಾಡುತ್ತಿದ್ದಿರಲ್ಲ, ಇಷ್ಟು ಸಣ್ಣದಕ್ಕೆ ಏಕೆ ಹಿಂಜರಿಕೆ ಎಂದು ಕೇಳುತ್ತಾರೆ. ನಾನು ಎಷ್ಟೋ ಸಲ ಕೇಳಿದ್ದ ಕಥೆ. ನೆನಪಿನಲ್ಲಿದ್ದುದು ನಾಮಾನನೂ ನದಿಯೂ. ಸೇವಕರನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮರುದಿನ ನಡು ಮಧ್ಯಾಹ್ನ, “ಸಾರ್, ಹತ್ತು ನಿಮಿಷ ಬನ್ನಿ” ಎಂದು ಧಣಿಯನ್ನು ಕರೆದೊಯ್ದೆ. ಮೊದಲು ಆ ಸಹಿಯ ಸಂಗತಿ ಹೇಳಿದೆ. ಬಳಿಕ ಇನ್ವರ್ಟರ್ ನಿಲ್ಲಿಸಿ, ರಬ್ಬರ್ ಕೈಗವಸು ಹಾಕಿಕೊಂಡು, ಆ ಸಾಲಿಗೆ ಮೀಟರ್ ಹಿಡಿದೆ. ಅಂಕಿ ಸಾವಿರ ದಾಟಿತ್ತು. “ಆಫ್ ಮಾಡಿದ್ದೀರಲ್ಲ?” ಎಂದರು. ಮಾಡಿದ್ದೇನೆ ಎಂದೆ. ಮೀಟರ್ ಕೆಟ್ಟಿದೆಯೆಂದು ಅವರೇ ಇನ್ನೊಂದನ್ನು ತರಿಸಿದರು. ಅದೂ ಅಷ್ಟೇ ತೋರಿಸಿತು. ಇಷ್ಟು ವರ್ಷ ಇನ್ವರ್ಟರ್ ಆರಿಸಿದರೆ ಸಾಕೆಂದು ಅವರು ಮನಸಾರೆ ನಂಬಿದ್ದರು! ಅವರಿಗೆ ಗೊತ್ತಿಲ್ಲದಿರಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅಂದು ಕೇಳಿದ್ದು ಸಣ್ಣದನ್ನೇ. ಹುಲ್ಲು ಕೊಯ್ಯುವ ಮೊದಲು ಜೋತುಬಿದ್ದ ಕೇಬಲ್ಲುಗಳನ್ನು ಮೇಲಕ್ಕೆ ಕಟ್ಟಲು ಇಬ್ಬರು ಆಳು, ಒಂದು ದಿನ. ಒಪ್ಪಿದರು.

ಮೃದು ಮಾತಿನಿಂದ ಎಲ್ಲವೂ ಆಗುತ್ತದೆಂದು ನಾನು ಹೇಳಲಾರೆ. ಅವರು ಒಪ್ಪದಿದ್ದರೆ ಪರಿವೀಕ್ಷಕರಿಗೆ ಬರೆಯಲೇಬೇಕಿತ್ತು. ಆ ಕಾಗದದ ಪ್ರತಿ ಇನ್ನೂ ನನ್ನ ಬಳಿಯಿದೆ. ವಾಚಕರೇ, ನಿಮ್ಮಲ್ಲಿ ಹಿಟ್ಟಿನ ಗಿರಣಿ, ಹೋಟೆಲು, ಕೊಳವೆಬಾವಿಯ ಧಣಿಗಳೂ ಇದ್ದೀರಿ. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆ ಕಟ್ಟದೆ ಯಾರಾದರೂ ಬಿದ್ದರೆ ರಕ್ತದ ಹೊಣೆ ಮನೆಯವನದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಹೇಳುತ್ತದೆ. ನಿಮ್ಮ ಮೋಟರಿನ ಅರ್ಥಿಂಗ್ ತಂತಿ ಜಾಗದಲ್ಲೇ ಇದೆಯೇ, ಇಂದು ಸಂಜೆ ನೋಡಿಬಿಡಿ.

ನಮ್ಮಲ್ಲಿ ಆಮೇಲೆ ಕೈಗವಸುಗಳೂ ಬಂದವು. ಬೂಟುಗಳು ಬಂದವು, ಎಲ್ಲವೂ ಗಂಡಸರ ಅಳತೆಯವು. ನಾನು ಆ ಕೆಲಸ ಬಿಡುವ ದಿನವೂ ಆ ತಾಯಿ ಹವಾಯಿ ಚಪ್ಪಲಿಯಲ್ಲೇ ಹುಲ್ಲು ಕೊಯ್ಯುತ್ತಿದ್ದರು.